ರಾಣಿ ಬಾವಿಗೆ ಬಿದ್ದ ದಿನ

ಹಿತ್ತಿಲಲ್ಲಿ ಎಮ್ಮೆ ಒಂದು ಆಟ ಹೂಡಿತ್ತು. ಒಬ್ಬೊಬ್ಬರದು ಒಂದೊಂದು ವೇಷ. ಎಮ್ಮೆ ಕಥೆ ಹೇಳಬೇಕು. ಸರದಿ ಬಂದವರು ತಮ್ಮ ವೇಷ ಏನು ಮಾಡುತ್ತದೆಂದು ಹೇಳಿ ದಾಳ ಎಸೆಯಬೇಕು. ದೊಡ್ಡ ಗರ ಬಿದ್ದರೆ ಹೇಳಿದ್ದು ನಡೆದಂತೆ. ಹೇಂಟೆಯದು ರಾಣಿಯ ವೇಷ. ತಾನಿಟ್ಟ ಮೊಟ್ಟೆಗಿಂತ ಆ ರಾಣಿಯ ಮೇಲೇ ಅದಕ್ಕೆ ಮಮತೆ ಹೆಚ್ಚು.

ಅವತ್ತು ಆಟದಲ್ಲಿ ರಾಣಿ ಬಾವಿಗೆ ಬಿದ್ದಳು.

"ಈ ಸುತ್ತಿನಲ್ಲಿ ಮೇಲೆ ಬರದಿದ್ದರೆ ಸತ್ತಳು," ಎಂದಿತು ಎಮ್ಮೆ. "ಕಾಗಕ್ಕ, ನೀನೇನು ಮಾಡ್ತೀಯ?"

"ಬೆಕ್ಕು ಹಗ್ಗ ಬಿಡಲಿ."

"ಬೆಕ್ಕಿನ ಮಾತು ಆಮೇಲೆ ತಾಯಿ, ನಿನ್ನದು ಹೇಳು."

"ಹೇಳಿದೆನಲ್ಲ!"

ಬೆಕ್ಕು ಮೀಸೆ ನೆಕ್ಕಿಕೊಂಡು, "ಓತಿಕ್ಯಾತ ಇಳಿಯಲಿ, ಅದಕ್ಕೇನು ಧಾಡಿ?" ಎಂದಿತು.

ಓತಿಕ್ಯಾತ ತಲೆಯಾಡಿಸಿತು. "ಮುಸ್ಸಂಜೆ ಹೊತ್ತು ರಾಣಿ ಒಬ್ಬಳೇ ಬಾವಿಕಟ್ಟೆಗೆ ಯಾರನ್ನ ನೋಡೋಕೆ ಹೋಗಿದ್ದಳು? ಮೊದಲು ಅದು ಇತ್ಯರ್ಥವಾಗಲಿ."

ಹೇಂಟೆಗೆ ಮೈಯೆಲ್ಲ ಉರಿಯಿತು. "ನಿಮ್ಮ ಬಾಯಿಗೆ ಮಣ್ಣು ಹಾಕ! ನನ್ನ ರಾಣಿ ತಾನೇ ಕಲ್ಲು ಹಿಡಿದು ಹತ್ತುತ್ತಾಳೆ," ಎಂದು ದಾಳವನ್ನು ಕಾಲಲ್ಲಿ ಕೆರೆದು ಎಸೆಯಿತು. ಆರು ಬಿತ್ತು. ರಾಣಿ ಏದುಸಿರು ಬಿಡುತ್ತಾ ಮೇಲೆ ಬಂದಳು.

"ಸದ್ಯ, ಬಂದಳಲ್ಲ," ಎಂದು ಬೆಕ್ಕು ಆಕಳಿಸಿತು. "ಇನ್ನು ಬೇಗ ಅಡಿಗೆಗಿಡಲಿ, ನಮಗೆಲ್ಲ ಹಸಿವು."

ಹೇಂಟೆ ದಾಳವನ್ನು ಅದರ ಮೂತಿಯ ಮುಂದಕ್ಕೆ ತಳ್ಳಿತು.

"ಸರದಿ ನಿಂದು ಬೆಕ್ಕಣ್ಣ, ಎಸಿ."