ಮುದಿ ಮಂಗನ ಹೇನು

ಮಂಗಗಳ ಮಾತು ಈ ಸೀಮೆಯಲ್ಲಿ ತಿಳಿಯುತ್ತಿದ್ದದ್ದು ಇಬ್ಬರಿಗೇ. ಒಬ್ಬ ನಾನು, ಇನ್ನೊಬ್ಬ ನಮ್ಮ ಕೆಂಪಣ್ಣ. ಕೆಂಪಣ್ಣ ತೀರಿಕೊಂಡ. ಹಾಗಾಗಿ ನೀವು ನನ್ನನ್ನೇ ನಂಬಬೇಕು.

ನಮ್ಮ ಹುಣಸೆಮರದಲ್ಲಿದ್ದ ಒಬ್ಬ ಮುದಿ ಮಂಗನಿಗೆ ಹಲ್ಲೆಲ್ಲ ಉದುರಿ, ಕೊಂಬೆಯಿಂದ ಕೊಂಬೆಗೆ ಹಾರಲಾಗದೆ ಹೋಯಿತು. ಅವನನ್ನು ಎಲ್ಲಿಡಬೇಕು ಅಂತ ಮಗನೂ ಮಗಳೂ ಜಗಳಕ್ಕೆ ನಿಂತರು.

"ಬೆಟ್ಟದ ಗುಡಿಗೆ ಬಿಡೋಣ," ಅಂದ ಮಗ. "ವಯಸ್ಸಾದ ಮಂಗಗಳೆಲ್ಲ ಅಲ್ಲೇ ಇವೆ. ಹೊತ್ತುಹೊತ್ತಿಗೆ ಬಾಳೆಹಣ್ಣು ಸಿಗುತ್ತೆ."

"ಥೂ, ನೋಡಿದವರು ಏನಂದಾರು?" ಅಂದಳು ಮಗಳು. "ಅಲ್ಲಿ ಎಲ್ಲರಿಗೂ ಕಣ್ಣು ಮಂಜು. ಅಪ್ಪನ ಹೇನು ಹೆಕ್ಕೋರು ಯಾರು? ಇಲ್ಲಿದ್ದರೆ ನಾನು ಹೆಕ್ಕುತ್ತೀನಿ." ಅಂದವಳೇ ಅಪ್ಪನ ಬೆನ್ನಿಂದ ಒಂದು ಹೇನು ಕಿತ್ತು ಬಾಯಿಗೆ ಹಾಕಿಕೊಂಡು ಪಕ್ಕದ ಮರಕ್ಕೆ ಹಾರಿಹೋದಳು.

ಮುದುಕ ಮೆಲ್ಲಗೆ ಮರ ಇಳಿಯತೊಡಗಿದ. "ನನ್ನನ್ನು ಗುಡಿಗೇ ಬಿಡಪ್ಪ. ಇವಳ ಕಣ್ಣು ಚುರುಕು. ಹೇನು ತಟ್ಟನೆ ಸಿಕ್ಕಿಬಿಡುತ್ತೆ, ಇವಳು ಹೊರಟುಬಿಡುತ್ತಾಳೆ. ಅಲ್ಲಿಯವರಾದರೆ ಕಾಣದೆ ದಿನವಿಡೀ ಬೆನ್ನು ತಡವುತ್ತಾ ಹುಡುಕುತ್ತಿರುತ್ತಾರೆ."

ಇಷ್ಟು ಹೇಳಿದೆನೋ ಇಲ್ಲವೋ, ಅವರೆಕಾಯಿ ಸುಲಿಯುತ್ತಿದ್ದ ಸೊಸೆ ಚಿಕ್ಕತಾಯಮ್ಮ ತಲೆಯೆತ್ತಿದಳು. "ಅಲ್ಲ ಮಾವ, ಬೆಟ್ಟದ ಗುಡಿಗೆ ಮಂಗ ನುಗ್ಗದ ಹಾಗೆ ಸುತ್ತ ಬಲೆ ಹಾಕಿದ್ದಾರಲ್ಲ? ನಾನು ಮದುವೆಯಾಗಿ ಬಂದಾಗಿಂದ ನೋಡ್ತಿದ್ದೀನಿ."

ನಾನು ಭುಜ ಕುಣಿಸಿದೆ. "ಹಾಗಾದ್ರೆ ಬೇರೆ ಗುಡಿ ಇರಬೇಕು ಕಣವ್ವ. ತಡವೋ ಕೈ ಬೇಕಾದ ಬೆನ್ನಂತೂ ಅದೇ."