ಸಡಿಲಾದ ಪುಲ್ಲಿ

"ಅಜ್ಜಾರ, ಆ ಬಳೆಗಾರನ್ನ ಮಠದೊಳಗ ಯಾಕ ಬಿಟ್ಟುಕೊಳ್ತೀರಿ?"

ಶಿಷ್ಯ ಅಡಿವೆಯ್ಯ ಈ ಪ್ರಶ್ನೆ ಕೇಳಿದ್ದು ಗುರುಗಳ ಪಾದ ತೊಳೆಯುತ್ತಾ. ಅವನ ಸಿಟ್ಟಿಗೆ ಕಾರಣವಿತ್ತು. ಅಂದಿನ ಪ್ರವಚನದಲ್ಲಿ ಗುರುಗಳು ಸಹನೆಯ ಬಗ್ಗೆ ಮಾತನಾಡುತ್ತಿದ್ದಾಗ ಬಳೆಗಾರ ಎದ್ದು ನಿಂತು, ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವನ ಮೇಲೆ ಹರಿಹಾಯ್ದವರು ನೀವೇ ಅಲ್ಲವೇ ಎಂದು ಕೇಳಿದ್ದ. ಭಕ್ತರೆಲ್ಲ ಮುಖ ಮುಖ ನೋಡಿಕೊಂಡಿದ್ದರು. ಗುರುಗಳು ಮಾತ್ರ ನಕ್ಕು, ಮುಂದಿನ ವಾರವೂ ತಪ್ಪದೆ ಬಾ ಎಂದು ಅವನಿಗೆ ಹೇಳಿ ಕಳಿಸಿದ್ದರು. ಅಡಿವೆಯ್ಯನಿಗೆ ಅದೇ ನುಂಗಲಾರದ ತುತ್ತಾಗಿತ್ತು.

"ನಾಳಿಂದ ಬಾಗಲದಾಗ ನಾನ ನಿಂದರ್ತೀನ್ರಿ. ಅವನ್ನ ಒಳಗ ಬಿಡೂದಿಲ್ಲ," ಎಂದ.

ಗುರುಗಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ತೊಳಿ, ತೊಳಿ. ತೊಳಕೋತ ಕೇಳು," ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಿರಣಿಯವನಿದ್ದ. ಹಿಟ್ಟಿನ ಗಿರಣಿ, ಅವನ ಅಪ್ಪ ಹಾಕಿದ್ದು. ಯಂತ್ರ ಕೂಡಿಸಿದ ದಿನ ಅಪ್ಪ ಪುಲ್ಲಿಯ ನಡುಭಾಗಕ್ಕೆ ಒಂದು ಬೊಟ್ಟು ಕುಂಕುಮ ಹಚ್ಚಿ, ಕೈ ಮುಗಿದು ಸ್ವಿಚ್ಚು ಹಾಕಿದ್ದ. ಪುಲ್ಲಿ ಎಂದರೆ ಬೆಲ್ಟು ಹಾಯುವ ಕಬ್ಬಿಣದ ಗಾಲಿ. ಮೋಟಾರು ಬೆಲ್ಟನ್ನು ಎಳೆಯುತ್ತದೆ, ಬೆಲ್ಟು ಪುಲ್ಲಿಯನ್ನು ತಿರುಗಿಸುತ್ತದೆ, ಪುಲ್ಲಿ ತಾನು ಕೂತ ಕಬ್ಬಿಣದ ದಂಡವನ್ನು, ಅಂದರೆ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಬೀಸುವ ಕಲ್ಲನ್ನು. ಅಪ್ಪ ತೀರಿಕೊಂಡ ಮೇಲೂ ಮಗ ಪದ್ಧತಿ ಬಿಡಲಿಲ್ಲ. ಅಮಾವಾಸ್ಯೆ ಬಂತೆಂದರೆ ಅಪ್ಪ ಹಚ್ಚಿದ ಜಾಗದಲ್ಲೇ, ಹಳೆಯದರ ಮೇಲೆಯೇ, ಎಣ್ಣೆ ಸವರಿ ಕುಂಕುಮ ಹಚ್ಚುತ್ತಿದ್ದ. ಅದರ ಮೇಲೆ ಹಿಟ್ಟಿನ ಧೂಳು ಕೂರುತ್ತಿತ್ತು. ವರ್ಷಗಳು ಉರುಳಿದಂತೆ ಎಣ್ಣೆ, ಹಿಟ್ಟು, ಕುಂಕುಮ ಮೂರೂ ಸೇರಿ ಅಲ್ಲಿ ಹೆಬ್ಬೆರಳು ದಪ್ಪದ ಕೆಂಪು ಗಡ್ಡೆ ಬೆಳೆದು ಕಲ್ಲಾಯಿತು. ಗಿರಣಿಗೆ ಬಂದ ಹೆಂಗಸರೂ ಅದಕ್ಕೆ ಕೈ ಮುಗಿದೇ ಬುಟ್ಟಿ ಇಳಿಸುತ್ತಿದ್ದರು.

ಹೀಗಿರಲು ಒಂದು ದಿನ ಪುಲ್ಲಿ ಗಡಗಡ ಎನ್ನತೊಡಗಿತು. ಶಾಫ್ಟಿನ ಮೇಲೆ ಅದರ ಹಿಡಿತ ತಪ್ಪಿತ್ತು. ಬೆಲ್ಟು ಜೋರಾಗಿ ಓಡುತ್ತಿತ್ತು, ಪುಲ್ಲಿ ಗಿರ್ರನೆ ತಿರುಗುತ್ತಿತ್ತು, ಕಲ್ಲು ಮಾತ್ರ ಮನಸ್ಸು ಬಂದಾಗ ತಿರುಗುತ್ತಿತ್ತು. ಜೋಳದ ಹಿಟ್ಟು ತರಿತರಿಯಾಗಿ ಬೀಳತೊಡಗಿತು.

"ಯಪ್ಪಾ, ನಿನ್ನ ಹಿಟ್ಟಿಲೆ ರೊಟ್ಟಿ ಬಡಿಯಾಕ ಹೋದ್ರ ಕೈಯಾಗ ಹರೀತಾವು. ನನ್ನ ಗಂಡ ನನ್ನ ಕೈಗುಣಾನ ಹೋತು ಅಂತಾನು," ಎಂದು ಒಬ್ಬ ಹೆಂಗಸು ಬುಟ್ಟಿ ಎತ್ತಿಕೊಂಡು ಪಕ್ಕದೂರಿನ ಗಿರಣಿಯ ದಾರಿ ಹಿಡಿದಳು. ಅವಳ ಬೆನ್ನಿಗೇ ಉಳಿದವರೂ ಹೊರಟರು.

ಆ ಯಂತ್ರ ಗಿರಣಿಯವನಿಗೆ ಬರೀ ಹೊಟ್ಟೆಪಾಡಲ್ಲ. ಅಪ್ಪನ ಕೈಯದೆಂದು ಅವನಲ್ಲಿ ಉಳಿದಿದ್ದು ಅದೊಂದೇ. ಸುಮ್ಮನೆ ಕೂರುವ ಆಸಾಮಿಯೂ ಅವನಲ್ಲ. ಹೊಸ ಬೆಲ್ಟು ಹಾಕಿದ. ಮೋಟಾರನ್ನು ಹಿಂದಕ್ಕೆ ಸರಿಸಿ ಬೆಲ್ಟು ಬಿಗಿ ಮಾಡಿದ. ಕಲ್ಲಿಗೆ ಹೊಸದಾಗಿ ಹಲ್ಲು ಹೊಡೆಸಿದ. ಪುಲ್ಲಿಗೂ ಶಾಫ್ಟಿಗೂ ನಡುವೆ ತಗಡಿನ ಚೂರುಗಳನ್ನು ಬಡಿದು ಕೂಡಿಸಿದ. ಅವು ತುಸು ಹೊತ್ತು ಹಿಡಿದಂತೆ ಮಾಡಿ, ಒಂದೊಂದಾಗಿ ಸಿಡಿದು ಗೋಡೆಗೆ ಬಡಿದವು. ನಿಂಬೆಹಣ್ಣು ಕಟ್ಟಿದ, ತೆಂಗಿನಕಾಯಿ ಒಡೆದ. ಕುಂಕುಮವನ್ನು ಎಂದಿಗಿಂತ ಎರಡು ಪಟ್ಟು ಹಚ್ಚಿದ. ಪುಲ್ಲಿಯೂ ಎರಡು ಪಟ್ಟು ಗಡಗಡ ಎಂದಿತು.

ಕೊನೆಗೆ ಪೇಟೆಯಿಂದ ಫಿಟ್ಟರನ್ನು ಕರೆಸಿದ. ಫಿಟ್ಟರು ಪುಲ್ಲಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಸ್ಕ್ರೂಡ್ರೈವರು ತೆಗೆದು ಸೀದಾ ಕೆಂಪು ಗಡ್ಡೆಯ ಕಡೆಗೇ ಕೈ ಚಾಚಿದ. ಗಿರಣಿಯವನು ಅವನ ಮಣಿಕಟ್ಟು ಹಿಡಿದುಕೊಂಡ.

"ಅದೊಂದ ಮುಟ್ಟಬ್ಯಾಡ್ರಿ. ನಮ್ಮಪ್ಪ ಹಚ್ಚಿದ ಕುಂಕುಮ ಅದು."

"ನಾ ಅಲ್ಲೇ ನೋಡಬೇಕಲ್ರೀ."

"ಬ್ಯಾರೆ ಎಲ್ಲೆ ಬೇಕಾದ್ರೂ ನೋಡ್ರಿ."

ಫಿಟ್ಟರು ಬೇರೆ ಕಡೆಯೆಲ್ಲ ನೋಡಿದ. ಎಲ್ಲವೂ ಸರಿಯಾಗಿತ್ತು. ಕೆಟ್ಟ ಜಾಗ ಬಿಟ್ಟು ನೋಡಿದರೆ ಯಾವ ಯಂತ್ರವಾದರೂ ಸರಿಯಾಗಿಯೇ ಇರುತ್ತದೆ. ಇವನ ಹತ್ತಿರ ಹಟ ಹಿಡಿದು ಪ್ರಯೋಜನವಿಲ್ಲವೆಂದು ಅವನು, "ಯಂತ್ರಕ್ಕ ವಯಸ್ಸಾತ್ರಿ" ಎಂದು ಹೇಳಿ, ಚಹಾ ಕುಡಿದು ಹೋದ.

ವಯಸ್ಸಾಯಿತು ಎಂಬ ಮಾತಿಗೆ ಎದುರಾಡುವುದು ಹೇಗೆ? ಗಿರಣಿಯವನು ನಂಬಿದ. ಗುಜರಿಯವನಿಗೆ ಹೇಳಿಕಳಿಸಿದ. ಅವನು ಬರುವ ದಿನ ಬೆಳಿಗ್ಗೆ ಯಂತ್ರಕ್ಕೆ ಕೊನೆಯ ಪೂಜೆ ಮಾಡಿ, ಅದರ ಮೈಮೇಲೆ ಕೈಯಿಟ್ಟು ನಾಚಿಕೆಯಿಲ್ಲದೆ ಜೋರಾಗಿಯೇ ಅತ್ತ.

ಗುಜರಿಯವನು ಬಾಯಿಬಡುಕ. ಗಾಡಿಯನ್ನು ಬಾಗಿಲಿಗೆ ಹಚ್ಚಿ, ಸ್ಪ್ಯಾನರು ಸುತ್ತಿಗೆ ಹಿಡಿದು, ಹಾಡಿಕೊಳ್ಳುತ್ತಲೇ ಒಳಗೆ ಬಂದ. ಅವನಿಗೆ ಆ ಯಂತ್ರದಲ್ಲಿ ಅಪ್ಪನೂ ಕಾಣಲಿಲ್ಲ, ದೇವರೂ ಕಾಣಲಿಲ್ಲ, ಕಂಡಿದ್ದು ತೂಕ. "ಮದಲ ಈ ಪುಲ್ಲಿ ಬಿಚ್ಚೋಣು" ಎಂದವನೇ ಕೆಂಪು ಗಡ್ಡೆಗೆ ಸ್ಕ್ರೂಡ್ರೈವರಿನ ತುದಿ ಕೊಟ್ಟು ಸುತ್ತಿಗೆ ಎತ್ತಿದ. ಗಿರಣಿಯವನ ಕೈ ತಾನಾಗಿ ಮುಂದೆ ಬಂತು. ಆದರೆ ಗುಜರಿಗೆ ಹಾಕಿದ ಮೇಲೆ ತಡೆಯಲು ಏನು ಹಕ್ಕಿದೆ? ಕೈ ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತ.

ಗಡ್ಡೆ ಒಂದೇ ಏಟಿಗೆ ಉದುರಿತು. ಗುಜರಿಯವನು ಸ್ಪ್ಯಾನರು ಹಚ್ಚಲು ಹೋಗಿ, ತಟ್ಟನೆ ಕೈ ತಡೆದು ಬಿದ್ದು ಬಿದ್ದು ನಕ್ಕ.

"ಏನ್ರೀ ಸಾವಕಾರ್ರ, ಇದನ್ನ ಬಿಚ್ಚಾಕ ನನ್ನ ಯಾಕ ಕರಿಸಿದ್ರಿ? ಈ ಬೋಲ್ಟ ಬೆರಳಲೆ ತಿರಗತೈತಿ!"

ಗಿರಣಿಯವನು ತಿರುಗಿ ನೋಡಿದ. ಕುಂಕುಮದ ಅಡಿಯಲ್ಲಿ ಒಂದು ಬೋಲ್ಟಿನ ತಲೆ ಇತ್ತು. ಪುಲ್ಲಿಯನ್ನು ಶಾಫ್ಟಿಗೆ ಕಚ್ಚಿ ಹಿಡಿಯುವ ಬೋಲ್ಟು ಅದೇ. ಅಪ್ಪ ಅದನ್ನು ಕೈಯಾರೆ ಬಿಗಿ ಮಾಡಿ, ಆಮೇಲೆ ಅದರ ಮೇಲೆ ಕುಂಕುಮ ಇಟ್ಟಿದ್ದ. ಮಗ ಕುಂಕುಮವನ್ನು ಕಲಿತಿದ್ದ, ಬೋಲ್ಟನ್ನು ಕಲಿತಿರಲಿಲ್ಲ.

ಗುಜರಿಯವನ ಕೈಯಿಂದ ಸ್ಪ್ಯಾನರು ಕಸಿದುಕೊಂಡ. ಉಳಿದಿದ್ದ ತಗಡಿನ ಚೂರುಗಳನ್ನು ಕಿತ್ತೆಸೆದು, ಪುಲ್ಲಿಯನ್ನು ಅದರ ಜಾಗಕ್ಕೆ ಸರಿಸಿ, ಬೋಲ್ಟು ಬಿಗಿ ಮಾಡಿ ಸ್ವಿಚ್ಚು ಹಾಕಿದ. ಗಡಗಡ ಇಲ್ಲ. ಕಲ್ಲು ಹಳೆಯ ಗತ್ತಿನಲ್ಲಿ ತಿರುಗಿತು. ಗಿರಣಿಯವನು ಗುಜರಿಯವನನ್ನು ತಬ್ಬಿಕೊಂಡು ಕುಣಿದೇಬಿಟ್ಟ. ಇಬ್ಬರ ಅಂಗಿಯೂ ಕೆಂಪಾಯಿತು.

"ನನ್ನ ಹೊಟ್ಟಿ ಮ್ಯಾಲೆ ನಾನ ಹೊಡಕೊಂಡೆನಲ್ರೀ!" ಎಂದು ನಗುತ್ತಾ ಗುಜರಿಯವನು ಖಾಲಿ ಗಾಡಿ ತಿರುಗಿಸಲು ಹೋದ. ಗಿರಣಿಯವನು ಬಿಡಲಿಲ್ಲ. ಹೊಸದಾಗಿ ಬಿದ್ದ ನುಣ್ಣನೆಯ ಹಿಟ್ಟಿನಲ್ಲಿ ಹೆಂಡತಿಯ ಕೈಯಿಂದ ರೊಟ್ಟಿ ಮಾಡಿಸಿ, ಹೊಟ್ಟೆ ತುಂಬ ಉಣ್ಣಿಸಿಯೇ ಕಳಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯನಿಗೆ ಒಂದು ಅನುಮಾನ ಉಳಿದಿತ್ತು.

"ಹಂಗಾರ ಅವ ಕುಂಕುಮ ಹಚ್ಚೂದ ಬಿಟ್ಟನೇನ್ರಿ ಅಜ್ಜಾರ?"

"ಯಾಕ ಬಿಡ್ತಾನು? ಮದಲ ಸ್ಪ್ಯಾನರ ಹಾಕಿ ನೋಡ್ತಾನು, ಆಮ್ಯಾಲೆ ಹಚ್ಚತಾನು."

ಅಡಿವೆಯ್ಯ ಸಮಾಧಾನದಿಂದ ತಲೆಯಾಡಿಸಿ, ತೊಳೆದ ಪಾದಕ್ಕೆ ವಿಭೂತಿ ಹಚ್ಚಲು ಕೈ ಮುಂದೆ ಮಾಡಿದ. ಗುರುಗಳು ಆ ಕೈ ಹಿಡಿದುಕೊಂಡು ಒಂದು ಮಾತು ಕೇಳಿದರು.

"ಇಷ್ಟ ವರ್ಷ ಈ ಕಾಲು ತೊಳದಿಯಲ್ಲೋ, ನನ್ನಾಗ ಏನ ಸಡಲಾಗೇತಿ ಅಂತ ಆ ಬಳೆಗಾರನಂಗ ಒಂದ ದಿನಾನಾದ್ರೂ ನೋಡೀಯೇನು?"