ಜೇನು ತುಂಬಿದ ಸೋರೆಬುರುಡೆ

ಒಂದು ಕಾಡಿನ ನಡುವೆ ದೊಡ್ಡ ಹೊಳೆ ಹರಿಯುತ್ತಿತ್ತು. ಅಲ್ಲಿ ಭರಮಣ್ಣ ಎಂಬ ನೀರುನಾಯಿ ಚರ್ಮ ಹೊದಿಸಿದ ಹರಿಗೋಲು ನಡೆಸುತ್ತಿತ್ತು. ಹತ್ತುವವರೆಲ್ಲ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳಲೇಬೇಕು. ನೀರಿಗೆ ಬಿದ್ದರೆ ಟೊಳ್ಳು ಬುರುಡೆ ಮುಳುಗಲು ಬಿಡುವುದಿಲ್ಲ.

ಒಂದು ಬೆಳಿಗ್ಗೆ ಬೆಳ್ಳವ್ವ ಎಂಬ ಮೊಲ ಎಳೆಯ ಮರಿಯನ್ನು ಎದೆಗೆ ಕಟ್ಟಿಕೊಂಡು ತವರಿಗೆ ಹೊರಟಿತು. ಪಾಪ, ಅದಕ್ಕೆ ಈಜು ಬಾರದು. ನೀರು ಕಂಡರೇ ಎದೆ ಡವಡವ ಎನ್ನುತ್ತಿತ್ತು.

"ಭರಮಣ್ಣ, ಬುರುಡೆ ಗಂಟು ಗಟ್ಟಿ ಐತೇನಪ್ಪಾ?" ಎಂದು ಮೂರು ಸಲ ಕೇಳಿತು.

"ಗಟ್ಟಿ ಐತವ್ವ, ನೀ ಸುಮ್ನ ಕುಂದರು" ಎಂದಿತು ಭರಮಣ್ಣ.

ಹರಿಗೋಲಿನಲ್ಲಿ ಪಕ್ಕದಲ್ಲಿದ್ದ ನರಿ ಕಿಸಕ್ಕನೆ ನಕ್ಕಿತು. ಎದುರಿಗೆ ಕರಡಿ ಮುಖ ಗಂಟಿಕ್ಕಿ ಕೂತಿತ್ತು. ಯಾರೋ ಅದರ ಜೇನು ಕದ್ದಿದ್ದರು. ಕದ್ದದ್ದು ಬೇರೆ ಯಾರೂ ಅಲ್ಲ, ಇದೇ ನರಿ! ಯಾರ ಕಣ್ಣಿಗೂ ಬೀಳದಂತೆ ಸಾಗಿಸಲು ತನ್ನ ಬುರುಡೆಗೆ ತೂತು ಕೊರೆದು, ಜೇನು ತುಂಬಿ, ಎಲೆ ತುರುಕಿ ಕಟ್ಟಿಕೊಂಡಿತ್ತು. ಎಂಥ ಬುದ್ಧಿವಂತಿಕೆ ನೋಡಿ!

ನಡುಹೊಳೆಯಲ್ಲಿ ಹರಿಗೋಲಿಗೆ ಬಂಡೆ ತಗುಲಿತು. ತಳದ ಚರ್ಮ ಹರಿದು ನೀರು ಬುಗುಬುಗು ಎಂದು ಉಕ್ಕಿತು.

"ಯಾರೂ ಏಳಬ್ಯಾಡ್ರಿ!" ಭರಮಣ್ಣ ಕೂಗಿತು. "ಎದ್ರ ಹರಿಗೋಲು ಮಗಚತೈತಿ. ಕರಡಿಯಣ್ಣ, ಕುಂತಂಗ ಸರಿದು ಆ ತೂತಿನ ಮ್ಯಾಲ ಕುಂದರು. ಬೆಳ್ಳವ್ವ, ಅಲ್ಲಿ ಬಿದ್ದಿರೋ ಕರಟದಿಂದ ನೀರು ಹೊರಗ ಚೆಲ್ಲು."

ಕರಡಿ ಸರಿದು ತೂತಿನ ಮೇಲೆ ಕೂತಿತು. ನೀರು ನುಗ್ಗುವುದು ಅರ್ಧಕ್ಕರ್ಧ ನಿಂತಿತು. ಬೆಳ್ಳವ್ವ ಮರಿಯ ಮುಖ ನೋಡುತ್ತ ಬಿಡದೆ ನೀರು ಚೆಲ್ಲಿತು.

ನರಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ತನ್ನ ಬುರುಡೆ ತೇಲುವುದಿಲ್ಲ ಎಂದು ಅದಕ್ಕೆ ಗೊತ್ತು. ಧಡಕ್ಕನೆ ಎದ್ದು, "ನಿನ್ನ ಬುರುಡೆ ಕೊಡು!" ಎಂದು ಬೆಳ್ಳವ್ವನ ಸೊಂಟಕ್ಕೆ ಕೈ ಹಾಕಿ ಎಳೆಯಿತು. ಹರಿಗೋಲು ಒಂದೇ ಕಡೆ ವಾಲಿತು. ಬೆಳ್ಳವ್ವ ಮರಿಯನ್ನು ಅವುಚಿಕೊಂಡು ಕೂತಲ್ಲೇ ಬಗ್ಗಿತು. ಭರಮಣ್ಣ ಹಾಕಿದ ಗಂಟು ಬಿಚ್ಚಲಿಲ್ಲ. ನರಿಯೇ ಕೈ ಜಾರಿ ದುಡುಂ ಎಂದು ನೀರಿಗೆ ಬಿತ್ತು. ಜೇನಿನ ಬುರುಡೆ ಅದನ್ನು ಕೆಳಕ್ಕೆ ಜಗ್ಗಿತು.

ಭರಮಣ್ಣ ಹುಟ್ಟನ್ನು ಚಾಚಿ, "ಇದನ್ನ ಹಿಡ್ಕೊ! ಮ್ಯಾಲ ಹತ್ತಬ್ಯಾಡ!" ಎಂದಿತು. ನರಿ ಕಚ್ಚಿ ಹಿಡಿಯಿತು. ಅಷ್ಟರಲ್ಲಿ ಸೆಳವು ಹರಿಗೋಲನ್ನು ಆಚೆ ದಡದ ಮರಳಿಗೆ ತಂದು ಮುಟ್ಟಿಸಿತು.

ಕಾಲಿಗೆ ನೆಲ ಸಿಕ್ಕಿದ್ದೇ ತಡ, ಬೆಳ್ಳವ್ವ "ಅಬ್ಬಾ, ಬದುಕಿದೆವು ಮಗನೇ!" ಎಂದು ಕುಸಿದು ಕೂತು ಅತ್ತುಬಿಟ್ಟಿತು. ಮರಿಯೋ, ಏನೂ ಆಗಿಲ್ಲವೆಂಬಂತೆ ನಿದ್ದೆ ಮಾಡುತ್ತಿತ್ತು.

ನರಿ ತೆವಳುತ್ತ ಮೇಲೆ ಬಂತು. ಬುರುಡೆಯ ಎಲೆ ಕಳಚಿ, ಜೇನು ಕಾಲಗುಂಟ ಇಳಿಯಿತು. ಕರಡಿ ಮೂಗರಳಿಸಿತು. "ಓಹೋ, ನಿನ್ನ ಬುರುಡೆ ಯಾಕ ತೇಲಲಿಲ್ಲ ಅಂತ ಈಗ ತಿಳೀತು ನೋಡು!" ಎಂದು ಬೆನ್ನಿಗೆ ಎರಡು ಬಿಟ್ಟಿತು. ಹರಿಗೋಲಿನ ಹರಿದ ಚರ್ಮ ಹೊಲಿಯುವ ಕೆಲಸವೂ ನರಿಯ ತಲೆಗೇ ಬಂತು.

ಬೆಳ್ಳವ್ವ ಕಣ್ಣೊರೆಸಿಕೊಂಡು ನಕ್ಕಿತು. "ಭರಮಣ್ಣ, ತಿರುಗಿ ಬರುವಾಗ್ಲೂ ಗಂಟು ನೀನೇ ಹಾಕಬೇಕಪ್ಪಾ" ಎಂದಿತು. ಈ ಸಲ ಒಂದೇ ಒಂದು ಸಲ ಹೇಳಿತು.

ನೀತಿ: ಜೀವ ಕಾಯಲು ಇಟ್ಟದ್ದನ್ನು ದುರಾಸೆಗೆ ಬಳಸಬಾರದು. ಆಪತ್ತಿನಲ್ಲಿ ಗಾಬರಿಯಾಗಿ ಏಳದೆ, ತಿಳಿದವರ ಮಾತು ಕೇಳಿದವರು ದಡ ಸೇರುತ್ತಾರೆ.